ಯುಜೆಸ್‌ನಿಂದ ಹೊರಡುವ ಮುನ್ನ: ಮೂರು ತಿಂಗಳ ವಾಸ ಮುಗಿಸುವವರಿಗೆ

ದಕ್ಷಿಣ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ಮನೆ ಹಿಡಿದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಇರಬೇಕು ಅನ್ನುವವರು ಹೋಗುವ ತಯಾರಿಯನ್ನು ಚೆನ್ನಾಗಿಯೇ ಮಾಡುತ್ತಾರೆ. ವೀಸಾ, ಟಿಕೆಟ್, ಸಾರಿನ ಪುಡಿ, ಸ್ವೆಟರ್, ಎಲ್ಲಕ್ಕೂ ಪಟ್ಟಿ ಇರುತ್ತದೆ. ವಾಪಸ್ ಹೊರಡುವುದಕ್ಕೆ ಮಾತ್ರ ಯಾರೂ ಪಟ್ಟಿ ಮಾಡುವುದಿಲ್ಲ. ನಾನು ಮತ್ತು ನಮ್ಮನೆಯವರು ಅಂಥದೇ ಊರಾದ ಯುಜೆಸ್‌ನಲ್ಲಿ ಇದ್ದು ಬಂದೆವು. ಹೊರಡುವ ಕೆಲಸವನ್ನು ಮೂರು ವಾರ ಮೊದಲೇ ಶುರು ಮಾಡಿ. ನೀವು ಗಂಟುಮೂಟೆ ಕಟ್ಟುವ ಹೊತ್ತಿಗೆ ಆ ಊರೂ ಬಾಗಿಲು ಹಾಕಿಕೊಳ್ಳುತ್ತಿರುತ್ತದೆ.

ಯುಜೆಸ್ ಸುಮಾರು ಎಂಟು ಸಾವಿರ ಜನರ ಊರು. ಅಕ್ಟೋಬರ್ ಕೊನೆಯ ಶಾಲಾ ರಜೆ ಮುಗಿದರೆ ಹೋಟೆಲುಗಳ ಬಾಗಿಲಲ್ಲಿ ವಾರ್ಷಿಕ ರಜೆಯ ಚೀಟಿಗಳು ಕಾಣಿಸುತ್ತವೆ. ಅದೇ ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನವೆಂಬರ್ ಕೊನೆಗೆ ಸಂಜೆ ಐದೂವರೆಗೆಲ್ಲ ಕತ್ತಲು. ನವೆಂಬರ್ 1 ಮತ್ತು 11 ಸರ್ಕಾರಿ ರಜೆ. ಸೋಮವಾರ ಅನೇಕ ಅಂಗಡಿ ತೆಗೆಯುವುದಿಲ್ಲ, ಉಳಿದ ದಿನ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೂ ಮುಚ್ಚಿರುತ್ತವೆ. ಹೀಗಾಗಿ ಕೊನೆಯ ವಾರಕ್ಕೆ ಅಂತ ಇಟ್ಟುಕೊಂಡ ಕೆಲಸಕ್ಕೆ ನಿಜವಾಗಿ ಸಿಗುವ ಹೊತ್ತು ತುಂಬಾ ಕಡಿಮೆ.

ಮೊದಲು ದಿನದ ಲೆಕ್ಕ. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ವೀಸಾ ಚೀಟಿಯ ಮೇಲೆ ಅದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅಷ್ಟೇ ಸರಿ. 90ನೇ ದಿನಕ್ಕೇ ಟಿಕೆಟ್ ಮಾಡಿಸಬೇಡಿ, ನಾಲ್ಕೈದು ದಿನ ಕೈಯಲ್ಲಿರಲಿ. ಅಲ್ಲಿ ರೈಲು ಮುಷ್ಕರ ಅಪರೂಪದ ಸಂಗತಿಯಲ್ಲ. ಮುಷ್ಕರ ಇದ್ದರೆ ಯಾವ ರೈಲು ಓಡುತ್ತದೆ ಅನ್ನುವುದನ್ನು ಹಿಂದಿನ ದಿನ ಸಂಜೆ ಐದಕ್ಕೆ ತಿಳಿಸುತ್ತಾರೆ. ಅಷ್ಟರಲ್ಲಿ ಬೇರೆ ದಾರಿ ಹುಡುಕುವುದು ಕಷ್ಟ.

ಇನ್ನು ಮನೆ. ಮನೆ ಒಪ್ಪಿಸುವಾಗ ಮಾಲೀಕರು ‘ಎತಾ ದೆ ಲ್ಯೂ’ ಅನ್ನುವ ಕಾಗದ ಹಿಡಿದು ಕೋಣೆ ಕೋಣೆ ನೋಡುತ್ತಾರೆ. ಸೇರಿದ ದಿನ ಬರೆದ ಸ್ಥಿತಿಗೂ ಬಿಡುವ ದಿನದ ಸ್ಥಿತಿಗೂ ತಾಳೆ ಹಾಕುತ್ತಾರೆ. ಅಡ್ವಾನ್ಸ್ ವಾಪಸ್ ಬರುವುದು ಇದರ ಮೇಲೆ. ಸೇರಿದ ದಿನವೇ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಕರೆಂಟು ಬೇರೆ ಲೆಕ್ಕವಿದ್ದರೆ ಮೀಟರಿನ ಫೋಟೊ ಎರಡೂ ದಿನ ಬೇಕು, ಏಕೆಂದರೆ ಅಕ್ಟೋಬರ್ ನಂತರ ಹೀಟರಿನ ಖರ್ಚು ಜಾಸ್ತಿ. ತಪಾಸಣೆಯನ್ನು ಬೆಳಿಗ್ಗೆ ಹೊತ್ತು, ಬೆಳಕಿರುವಾಗ ಇಟ್ಟುಕೊಳ್ಳಿ.

ನಮ್ಮ ಅಡುಗೆ ಮಾಡುವವರಿಗೆ ಎರಡು ವಿಷಯ ಹೇಳಲೇಬೇಕು. ಒಂದು ಅರಿಶಿನದ ಕಲೆ. ಮೇಜಿನ ಬಟ್ಟೆಯ ಮೇಲಿನ ಕಲೆಯನ್ನು ಸೋಪು ಹಚ್ಚಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ, ಬಹುತೇಕ ಹೋಗುತ್ತದೆ. ಮೂರು ವಾರ ಮೊದಲು ಅಂದಿದ್ದು ಇದಕ್ಕೂ ಸೇರಿ, ಕೊನೆಯ ವಾರ ಬಿಸಿಲು ಬರುತ್ತದೋ ಇಲ್ಲವೋ. ಇನ್ನೊಂದು ನೀರಿನ ಸುಣ್ಣ. ಕೆಟಲ್, ನಲ್ಲಿ, ಸ್ನಾನದ ಮನೆಯ ಗಾಜು, ಎಲ್ಲದರ ಮೇಲೂ ಬಿಳಿ ಪದರ ಕಟ್ಟುತ್ತದೆ. ರೋಮನ್ನರು ಇದೇ ಊರಿನ ಫೊಂತೆನ್ ದ್ಯೂರ್ ಬುಗ್ಗೆಯಿಂದ ನೀಮ್ ನಗರಕ್ಕೆ ಸುಮಾರು 50 ಕಿಲೋಮೀಟರ್ ಕಾಲುವೆ ಕಟ್ಟಿದ್ದರು. ಪೋಂ ದ್ಯು ಗಾರ್ ಸೇತುವೆ ಅದರದೇ ಭಾಗ. ಆ ಕಾಲುವೆಯೊಳಗೆ ಒಂದಡಿಗೂ ದಪ್ಪ ಸುಣ್ಣ ಕಟ್ಟಿತ್ತು. ಮುಂದೆ ಜನ ಅದನ್ನೇ ಕಿತ್ತು ಕಟ್ಟಡದ ಕಲ್ಲಾಗಿ ಬಳಸಿದರು. ಅಂಥ ಸೀಮೆಯ ನೀರು ಅದು. ಸೂಪರ್‌ಮಾರ್ಕೆಟ್‌ನಲ್ಲಿ ಬಿಳಿ ವಿನೆಗರ್ ತುಂಬಾ ಅಗ್ಗ. ಕೆಟಲ್‌ನಲ್ಲಿ ಅರ್ಧ ನೀರು, ಅರ್ಧ ವಿನೆಗರ್ ಹಾಕಿ ಬಿಸಿ ಮಾಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹೊಸದರಂತೆ ಹೊಳೆಯುತ್ತದೆ.

ಉಳಿದ ಸಾಮಾನು ಸುಮ್ನೆ ಕಸಕ್ಕೆ ಹಾಕಬೇಡಿ. ಗಾಜಿನ ಬಾಟಲಿಗೆ ಬೀದಿಯಲ್ಲೇ ಬೇರೆ ಡಬ್ಬ ಇರುತ್ತದೆ. ಮಿಕ್ಕ ಮಾತ್ರೆಗಳನ್ನು ಯಾವುದೇ ಔಷಧಿ ಅಂಗಡಿ ತೆಗೆದುಕೊಳ್ಳುತ್ತದೆ. ಒಳ್ಳೆ ಸ್ಥಿತಿಯ ಬಟ್ಟೆಗೆ ದಾನದ ಪೆಟ್ಟಿಗೆಗಳಿವೆ.

ವಿದಾಯ ಹೇಳುವುದಕ್ಕೆ ಪ್ಲಾಸ್ ಓ ಜೆರ್ಬ್ ಚೌಕದ ಶನಿವಾರದ ಸಂತೆಗಿಂತ ಒಳ್ಳೆ ಜಾಗ ಇಲ್ಲ. ವಾರ ವಾರ ಅದೇ ಚೀಸ್, ಅದೇ ಆಲಿವ್ ಕೊಂಡರೆ ಮಾರುವವರು ನಿಮ್ಮ ಮುಖ ಗುರುತಿಟ್ಟುಕೊಂಡಿರುತ್ತಾರೆ. ಕೊನೆಯ ಶನಿವಾರದವರೆಗೆ ಕಾಯಬೇಡಿ, ಅದರ ಹಿಂದಿನ ಶನಿವಾರವೇ ಹೇಳಿಬಿಡಿ. ಮಳೆಯೋ ಮಿಸ್ತ್ರಾಲ್ ಗಾಳಿಯೋ ಜೋರಾದರೆ ಮುಂದಿನ ವಾರ ಅವರ ಅಂಗಡಿಯೇ ಇರದಿರಬಹುದು. ನವೆಂಬರ್ ಸಂತೆ ಚಿಕ್ಕದು, ಆದರೆ ಬೇಸಿಗೆಯ ಗದ್ದಲ ಇರುವುದಿಲ್ಲ, ಅವರಿಗೂ ಮಾತಾಡಲು ಪುರುಸೊತ್ತು. ನನಗೆ ಆ ಊರು ಮನಸ್ಸಿಗೆ ಹತ್ತಿರವಾಗಿದ್ದು ಆ ಚಳಿಯ ಶನಿವಾರಗಳಲ್ಲೇ. ಪೆಲಾರ್ದೋಂ ಅನ್ನುವ ಆಡಿನ ಹಾಲಿನ ಚೀಸ್, ಪಿಶೊಲಿನ್ ಆಲಿವ್, ಸೆವೆನ್ ಬೆಟ್ಟದ ಚೆಸ್ಟ್‌ನಟ್ ಆ ದಿನಗಳಲ್ಲಿ ಹೊಟ್ಟೆ ತುಂಬ ತಿಂದುಬಿಡಿ.

ಅಕ್ಕಪಕ್ಕದವರಿಗೆ ಹೂವು ಕೊಡುವುದಾದರೆ ಸೇವಂತಿಗೆ ಬೇಡ! ನಮಗೆ ಅದು ದೇವರ ಹೂವು ಅಲ್ವಾ, ಅಲ್ಲಿ ನವೆಂಬರ್ 1ರ ಸುಮಾರಿಗೆ ಸಮಾಧಿಗಳ ಮೇಲೆ ಇಡುತ್ತಾರೆ. ಆ ದಿನಗಳಲ್ಲಿ ಅಂಗಡಿ ತುಂಬ ಅದೇ ಇರುವುದರಿಂದ ಆಸೆಯಾಗುವುದು ಸಹಜ. ಬದಲಿಗೆ ನಮ್ಮ ಕಾಫಿಪುಡಿ ಪೊಟ್ಟಣವೊಂದನ್ನು ಮೊದಲೇ ತೆಗೆದಿಟ್ಟಿರಿ.

ಯುಜೆಸ್‌ಗೆ ರೈಲಿಲ್ಲ. ಬಸ್ಸಿನಲ್ಲಿ ನೀಮ್‌ಗೋ ಅವಿನ್ಯೋಂಗೋ ಹೋಗಿ ರೈಲು ಹಿಡಿಯಬೇಕು. ಭಾನುವಾರ, ರಜಾದಿನ ಬಸ್ಸು ಕಡಿಮೆ, ವಾರದ ನಡುವೆ ಹೊರಡಿ. ಅವಿನ್ಯೋಂ ತೆಜೆವೆ, ಅಂದರೆ ವೇಗದ ರೈಲಿನ, ನಿಲ್ದಾಣದಿಂದ ಪ್ಯಾರಿಸ್‌ನ ಚಾರ್ಲ್ಸ್ ದ ಗಾಲ್ ವಿಮಾನ ನಿಲ್ದಾಣದೊಳಕ್ಕೇ ನೇರ ರೈಲುಗಳಿವೆ. ಪ್ಯಾರಿಸ್‌ನಲ್ಲಿ ಪೆಟ್ಟಿಗೆ ಎಳೆದುಕೊಂಡು ನಿಲ್ದಾಣ ಬದಲಿಸುವ ಕಷ್ಟ ತಪ್ಪುತ್ತದೆ. ಪ್ರತಿ ಪೆಟ್ಟಿಗೆಗೂ ಹೆಸರಿನ ಚೀಟಿ ಕಡ್ಡಾಯ.

ಪಕ್ಕದ ಸೇಂ ಕಾಂತೆಂ ಲಾ ಪೊತ್ರಿ ಕುಂಬಾರರ ಊರು. ಅಲ್ಲಿ ಪಿಂಗಾಣಿ ಕೊಳ್ಳುವುದಾದರೆ, ಒಂದೇ ಅಂಗಡಿಯಲ್ಲಿ 100 ಯೂರೋ ಮೀರಿದಾಗ ತೆರಿಗೆ ವಾಪಸಿನ ಕಾಗದ, ಅಂದರೆ ‘ದೆತಾಕ್ಸ್’, ಕೊಡುತ್ತಾರಾ ಕೇಳಿ. ಎಲ್ಲ ಅಂಗಡಿಯೂ ಕೊಡುವುದಿಲ್ಲ. ಕೊಳ್ಳುವಾಗ ಪಾಸ್‌ಪೋರ್ಟ್ ಬೇಕು. ಆ ಕಾಗದವನ್ನು ವಿಮಾನ ನಿಲ್ದಾಣದ ಪಾಬ್ಲೊ ಯಂತ್ರದಲ್ಲಿ ಸ್ಕ್ಯಾನ್ ಮಾಡಿ. ಕಸ್ಟಮ್ಸ್‌ನವರು ಸಾಮಾನು ತೋರಿಸಿ ಅನ್ನಬಹುದು. ಆದ್ದರಿಂದ ಈ ಕೆಲಸ ಮುಗಿಸಿಯೇ ದೊಡ್ಡ ಪೆಟ್ಟಿಗೆ ಕೊಡಿ, ಮಣ್ಣಿನ ಪಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.