ಶಿರಸಿಯ ಅಟ್ಟದಿಂದ ಕೋಡಿಬಾಗದ ಮೀನುತೊಟ್ಟಿಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ನೂರು ಲೀಟರಿನ ತೊಟ್ಟಿಯಲ್ಲಿದ್ದ 14 ನಿಯಾನ್ ಟೆಟ್ರಾಗಳ ಪೈಕಿ 9 ಮೀನುಗಳು ಎರಡೇ ವಾರದಲ್ಲಿ ಸತ್ತುಹೋದವು. ಮೈಮೇಲೆ ಗಾಯವಿರಲಿಲ್ಲ, ಬಿಳಿ ಚುಕ್ಕೆಗಳಿರಲಿಲ್ಲ, ರೆಕ್ಕೆಗಳು ಕೊಳೆತಿರಲಿಲ್ಲ. ಮೈಮೇಲಿನ ನೀಲಿ ಗೆರೆ ಮಾತ್ರ ದಿನದಿಂದ ದಿನಕ್ಕೆ ಮಂಕಾಗುತ್ತಾ ಬಂತು. ನಮ್ಮ ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ತೀರಾ ಹತ್ತಿರ. ಮಳೆಗಾಲ ಮುಗಿದಾಗ ಸಿಹಿಯಾಗಿರುವ ಬಾವಿಯ ನೀರು ಶಿವರಾತ್ರಿ ಕಳೆಯುತ್ತಿದ್ದಂತೆ ಸವಳಾಗತೊಡಗುತ್ತದೆ. ಅಕ್ಟೋಬರಿನಲ್ಲಿ ಟಿಡಿಎಸ್ ಮೀಟರಿನಲ್ಲಿ (ನೀರಿನಲ್ಲಿ ಕರಗಿರುವ ಲವಣಾಂಶವನ್ನು ಅಂದಾಜಿಸುವ ಉಪಕರಣ) 90 ತೋರಿಸಿದ್ದ ಅದೇ ಬಾವಿ ಏಪ್ರಿಲ್ ಕೊನೆಗೆ 640 ತೋರಿಸಿತು. ತೊಟ್ಟಿಯ ನೀರನ್ನು ಅಳೆದಾಗ 910 ಬಂತು.

ಬಾವಿಗಿಂತ ತೊಟ್ಟಿಯಲ್ಲಿ ಹೆಚ್ಚು ಉಪ್ಪು ಬಂದದ್ದು ಹೇಗೆ ಎಂಬುದು ಆ ರಾತ್ರಿ ಕುಳಿತು ಯೋಚಿಸಿದಾಗ ಹೊಳೆಯಿತು. ಸೆಕೆಗೆ ತೊಟ್ಟಿಯ ನೀರು ಆವಿಯಾಗುತ್ತದೆ, ಆದರೆ ಅದರಲ್ಲಿರುವ ಲವಣ ಆವಿಯಾಗುವುದಿಲ್ಲ. ಕಡಿಮೆಯಾದಷ್ಟನ್ನು ನಾನು ಪ್ರತಿದಿನ ಬಾವಿಯ ನೀರಿನಿಂದಲೇ ತುಂಬಿಸುತ್ತಿದ್ದೆ, ಅಂದರೆ ಉಳಿದ ಉಪ್ಪಿಗೆ ಹೊಸ ಉಪ್ಪನ್ನು ಸೇರಿಸುತ್ತಿದ್ದೆ. ಅಮೆಜಾನ್ ನದಿಯ, ಲವಣ ತೀರಾ ಕಡಿಮೆಯಿರುವ ಮೆದುನೀರಿನ ಮೂಲದ ಆ ಪುಟ್ಟ ಮೀನುಗಳನ್ನು ನನ್ನ ಕೈಯಾರೆ ಅಂಥ ನೀರಿನಲ್ಲಿ ಇಟ್ಟಿದ್ದೆನೆಂಬ ನೋವು ಇವತ್ತಿಗೂ ಇದೆ.

ಹೊಸ ಆರ್‌ಓ ಯಂತ್ರ (ನೀರಿನಿಂದ ಉಪ್ಪನ್ನು ಬೇರ್ಪಡಿಸುವ ಯಂತ್ರ) ಕೊಳ್ಳುವಷ್ಟು ಹಣವನ್ನು ಮೀನಿಗಾಗಿ ಖರ್ಚು ಮಾಡಲು ಮನಸ್ಸು ಒಪ್ಪಲಿಲ್ಲ. ಶಿರಸಿಯ ಪರಿಚಯದ ಮನೆಯೊಂದರಲ್ಲಿ ಕುಡಿಯುವ ನೀರಿಗೆಂದು ತಂದಿದ್ದ ಯಂತ್ರ ಎರಡು ವರ್ಷದಿಂದ ಅಟ್ಟದ ಮೇಲಿದೆ ಎಂದು ತಿಳಿದು, 1,500 ರೂಪಾಯಿಗೆ ಅದನ್ನು ಕೊಂಡು, ಗೋಣಿಚೀಲದಲ್ಲಿ ಸುತ್ತಿ, ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಶಾಲೆಗೆ ಬೇಸಿಗೆ ರಜೆ ಇದ್ದುದರಿಂದ ಬಿಚ್ಚಿ ನೋಡಲು ಸಮಯವೂ ಇತ್ತು.

ಹಳೆಯ ಯಂತ್ರ ಕೊಳ್ಳುವವರು ತಿಳಿದಿರಬೇಕಾದ ಮುಖ್ಯ ವಿಷಯವೆಂದರೆ, ನಾವು ಕೊಳ್ಳುವುದು ಅದರ ಹೊರಕವಚ, ಪಂಪು ಮತ್ತು ಅಡಾಪ್ಟರನ್ನು ಮಾತ್ರ. ನೀರನ್ನು ಶುದ್ಧಮಾಡುವ ಒಳಭಾಗವನ್ನು ಹೊಸದಾಗಿ ಕೊಳ್ಳುವುದಕ್ಕೆ ಸಿದ್ಧರಾಗಿಯೇ ಇರಬೇಕು. ಒಮ್ಮೆ ಒದ್ದೆಯಾದ ಮೆಂಬ್ರೇನನ್ನು, ಅಂದರೆ ಉಪ್ಪನ್ನು ತಡೆದು ನೀರನ್ನು ಮಾತ್ರ ಬಿಡುವ ತೆಳುಪೊರೆಯನ್ನು, ಒಣಗಲು ಬಿಟ್ಟರೆ ಅದು ಕೆಡುತ್ತದೆ. ನಾನು ಒಯ್ದು ತೋರಿಸಿದ ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದು, "ಇದು ಒಣಗಿ ಹೋಗಿದೆ ಅಕ್ಕೋರೇ, ನೆನೆಹಾಕಿದರೂ ಬದುಕುವುದಿಲ್ಲ" ಎಂದ. ಪಂಪು ಮಾತ್ರ ಚೆನ್ನಾಗಿತ್ತು, ಮತ್ತು ನಮಗೆ ಬೇಕಾಗಿದ್ದದ್ದೂ ಅದೇ. ನಮ್ಮ ತಾರಸಿಯ ಟ್ಯಾಂಕು ಸುಮಾರು 6 ಮೀಟರ್ ಎತ್ತರದಲ್ಲಿದ್ದು, ಅಷ್ಟು ಎತ್ತರದಿಂದ ಇಳಿಯುವ ನೀರಿನ ಒತ್ತಡ 9 ಪಿಎಸ್‌ಐ ಕೂಡ ಆಗುವುದಿಲ್ಲ. ಮೆಂಬ್ರೇನ್ ಸರಿಯಾಗಿ ಕೆಲಸ ಮಾಡಲು ಸುಮಾರು 60 ಪಿಎಸ್‌ಐ ಬೇಕು.

ಕೆಸರು ಹಿಡಿಯುವ ಹಳೆಯ ಸೆಡಿಮೆಂಟ್ ಫಿಲ್ಟರನ್ನೂ ಕಾರ್ಬನ್ ಫಿಲ್ಟರನ್ನೂ ನೋಡದೆಯೇ ಎಸೆದೆ. ಫಿಲ್ಟರುಗಳನ್ನು ಕೂರಿಸುವ ಹೌಸಿಂಗುಗಳನ್ನು ತಿಳಿಯಾದ ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದೆ. ಗಟ್ಟಿಯಾಗಿದ್ದ ರಬ್ಬರ್ ರಿಂಗುಗಳನ್ನೂ ಹಳದಿಗಟ್ಟಿದ್ದ ಪೈಪುಗಳನ್ನೂ ಬದಲಾಯಿಸಿದೆ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಕಡೆ ಮಳೆ ಬಿದ್ದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ಇದೆ. ಆ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುವಂತೆಯೇ ಮೆಂಬ್ರೇನನ್ನೂ ಹಾಳುಮಾಡುತ್ತದೆ. ಅದನ್ನು ಮೊದಲೇ ಹಿಡಿದಿಡುವುದು ಕಾರ್ಬನ್ ಫಿಲ್ಟರ್. ಆದ್ದರಿಂದ ಬಾವಿ ನೀರಿಗೆ ಅದು ಬೇಡವೆಂಬ ಮಾತನ್ನು ನಂಬಬಾರದು. ಸೆಡಿಮೆಂಟ್ ಫಿಲ್ಟರಿನ ಕೆಲಸವಂತೂ ಕಣ್ಣಿಗೇ ಕಾಣುತ್ತದೆ: ಹತ್ತೇ ದಿನಗಳಲ್ಲಿ ಆ ಬಿಳಿ ದಾರದ ಉರುಳೆ ಚಿರೆಕಲ್ಲಿನ ಬಣ್ಣಕ್ಕೆ ತಿರುಗಿತ್ತು.

ಮೊದಲ ದಿನ ಹಳೆಯ ಮೆಂಬ್ರೇನನ್ನೇ ಹಾಕಿ ನೋಡಿದೆ. 640 ಒಳಗೆ ಹೋಗಿ 310 ಹೊರಗೆ ಬಂತು. ಮೆಕ್ಯಾನಿಕ್ ಹೇಳಿದ್ದು ನಿಜವೆಂದುಕೊಂಡು ದಿನಕ್ಕೆ 75 ಗ್ಯಾಲನ್ ಸಾಮರ್ಥ್ಯದ ಹೊಸ ಮೆಂಬ್ರೇನ್ ತಂದು, ಎರಡು ಸಣ್ಣ ರಿಂಗುಗಳಿರುವ ತುದಿಯನ್ನು ಒಳಮುಖವಾಗಿ ಒತ್ತಿ ಕೂರಿಸಿ, ಮೊದಲ ಒಂದು ಗಂಟೆಯ ನೀರನ್ನು ಚೆಲ್ಲಿ ಅಳೆದೆ. 140 ಬಂತು. ಹೊಸ ಮೆಂಬ್ರೇನ್ ನೂರಕ್ಕೆ ತೊಂಬತ್ತೈದು ಪಾಲು ಲವಣವನ್ನಾದರೂ ತಡೆಯಬೇಕಿತ್ತು. ಎರಡು ದಿನ ಒತ್ತಡವನ್ನೂ, ರಿಂಗುಗಳನ್ನೂ, ಫಿಟ್ಟಿಂಗುಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆ. ಕೊನೆಗೆ ಮೆಂಬ್ರೇನಿನ ಬಾಯಿಯಿಂದ ಹೊರಡುವ ಪೈಪನ್ನೇ ಕಿತ್ತು, ಅಲ್ಲಿಯೇ ಲೋಟ ಹಿಡಿದು ಅಳೆದಾಗ ಮೀಟರ್ 24 ತೋರಿಸಿತು! ತೊಂದರೆ ಇದ್ದದ್ದು ಅದರ ಮುಂದೆ. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಮತ್ತು ಖನಿಜಾಂಶಕ್ಕಾಗಿ ಸ್ವಲ್ಪ ಕಚ್ಚಾ ನೀರನ್ನು ಶುದ್ಧ ನೀರಿಗೆ ಬೆರೆಸುವ ಒಂದು ಪುಟ್ಟ ತಿರುಪು ಇರುತ್ತದೆ. ಅಂಗಡಿಯವರು ಅದನ್ನು ಟಿಡಿಎಸ್ ಅಡ್ಜಸ್ಟರ್ ಎನ್ನುತ್ತಾರೆ. ಕುಡಿಯುವವರಿಗೆ ಅದು ಅನುಕೂಲ, ಆದರೆ ನಾನು ತೆಗೆಯಲು ಹೊರಟಿದ್ದ ಉಪ್ಪನ್ನೇ ಅದು ಮತ್ತೆ ಸೇರಿಸುತ್ತಿತ್ತು. ಅದನ್ನೂ ಅದರ ಮುಂದಿದ್ದ ಮಿನರಲ್ ಕಾರ್ಟ್ರಿಜ್ಜನ್ನೂ ಕಳಚಿ, ಪೈಪನ್ನು ನೇರವಾಗಿ ಜೋಡಿಸಿದೆ. ಹಳೆಯ ಮೆಂಬ್ರೇನಿಗೆ ಅನ್ಯಾಯವಾಗಬಾರದೆಂದು ಅದನ್ನೂ ಮರಳಿ ಹಾಕಿ ಅಳೆದು ನೋಡಿದೆ. ಆಗಲೂ 230 ಬಂದದ್ದರಿಂದ ಅದನ್ನು ಎಸೆಯುವುದರ ಬಗ್ಗೆ ಸಂಶಯ ಉಳಿಯಲಿಲ್ಲ.

24 ತೋರಿಸುವ ನೀರನ್ನು ಹಾಗೆಯೇ ತೊಟ್ಟಿಗೆ ತುಂಬಿಸಬಾರದು. ಆವಿಯಾದಷ್ಟನ್ನು ಭರ್ತಿಮಾಡಲು ಅದಕ್ಕಿಂತ ಒಳ್ಳೆಯ ನೀರಿಲ್ಲ, ಆದರೆ ವಾರದ ನೀರು ಬದಲಾವಣೆಗೆ ಅದು ಸಾಲದು. ಅದರಲ್ಲಿ ಕಾರ್ಬೊನೇಟ್ ಬಹುತೇಕ ಇಲ್ಲದಿರುವುದರಿಂದ ಆಮ್ಲೀಯತೆಯನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ, ಪಿಎಚ್ ಏಕಾಏಕಿ ಕುಸಿಯಬಹುದು. ಸ್ವಲ್ಪ ಬಾವಿ ನೀರು ಬೆರೆಸಿದರಾಯಿತು ಎಂದು ಹಲವರು ಸಲಹೆ ಕೊಟ್ಟರು. ಒಳನಾಡಿನ ಸುಣ್ಣದಂಶದ ಗಡಸುನೀರಿಗೆ ಆ ಸಲಹೆ ಸರಿ. ನಮ್ಮ ಬೇಸಿಗೆಯ ಬಾವಿಯಲ್ಲಿ ಏರುವುದು ಮುಖ್ಯವಾಗಿ ಸಮುದ್ರದ ಉಪ್ಪು. ಟಿಡಿಎಸ್ ಮೀಟರ್ ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಒಂದು ಅಂಕಿಯನ್ನು ಕೊಡುತ್ತದೆಯೇ ಹೊರತು, ಕರಗಿರುವುದು ಸುಣ್ಣವೋ ಉಪ್ಪೋ ಎಂದು ಹೇಳುವುದಿಲ್ಲ. ಹಾಗಾಗಿ ನಾನು ತೊಳೆದು ಕುದಿಸಿ ಪುಡಿಮಾಡಿದ ಬಳಚಿನ ಚಿಪ್ಪನ್ನು ಒಂದು ಹಿಡಿಯಷ್ಟು ಬಲೆಯ ಚೀಲದಲ್ಲಿ ಕಟ್ಟಿ, ತೊಟ್ಟಿಯ ಫಿಲ್ಟರಿನೊಳಗೆ ಇಟ್ಟಿದ್ದೇನೆ. ಮೆದುವಾದ, ತುಸು ಆಮ್ಲೀಯ ನೀರಿನಲ್ಲಿ ಅದು ನಿಧಾನವಾಗಿ ಕರಗಿ ಸುಣ್ಣವನ್ನೂ ಕಾರ್ಬೊನೇಟನ್ನೂ ಬಿಡುತ್ತದೆ. ಟೆಸ್ಟ್ ಕಿಟ್‌ನಲ್ಲಿ ಕೆಎಚ್ (ಕಾರ್ಬೊನೇಟಿನ ಅಳತೆ) 3ರ ಆಸುಪಾಸಿನಲ್ಲಿ ನಿಂತಿದೆ.

910ರಿಂದ ಕೆಳಗಿಳಿಸುವ ಕೆಲಸವನ್ನು ಅವಸರದಲ್ಲಿ ಮಾಡಲಿಲ್ಲ. ಉಪ್ಪಿನ ನೀರಿಗೆ ಹೊಂದಿಕೊಂಡ ಮೀನನ್ನು ಒಮ್ಮೆಲೇ ಮೆದುನೀರಿಗೆ ಬಿಟ್ಟರೆ ಅದರ ದೇಹ ತಾಳಿಕೊಳ್ಳುವುದು ಕಷ್ಟ. ದಿನ ಬಿಟ್ಟು ದಿನ ಹತ್ತು ಲೀಟರಿನಂತೆ ಬದಲಾಯಿಸುತ್ತಾ, ಸುಮಾರು ಒಂದು ತಿಂಗಳಲ್ಲಿ 250ರ ಹತ್ತಿರಕ್ಕೆ ತಂದೆ. ಉಳಿದ ಐದೂ ಮೀನುಗಳು ಬದುಕಿವೆ.

ನನ್ನನ್ನು ಕಾಡುವ ಇನ್ನೊಂದು ವಿಷಯ ಪೋಲಾಗುವ ನೀರು. ನಮ್ಮ ಯಂತ್ರದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಎರಡು ಲೀಟರಿಗೂ ಹೆಚ್ಚು ನೀರು ಹೊರಹೋಗುತ್ತದೆ, ಅದೂ ಬಾವಿಯ ತಳ ಕಾಣುವ ಮೇ ತಿಂಗಳಿನಲ್ಲಿ. ಹೊರಹೋಗುವ ನೀರಿನ ಟಿಡಿಎಸ್ 900 ದಾಟುವುದರಿಂದ ದಾಸವಾಳ, ಮಲ್ಲಿಗೆಗೆ ಹಾಕುವಂತಿಲ್ಲ. ಉಪ್ಪು ತಾಳಿಕೊಳ್ಳುವ ತೆಂಗಿನ ಬುಡಕ್ಕೂ ಅಂಗಳ ತೊಳೆಯುವುದಕ್ಕೂ ಬಳಸುತ್ತೇವೆ, ಮತ್ತು ವಾರಕ್ಕೆ ಬೇಕಾದ 25 ಲೀಟರಿಗಿಂತ ಹೆಚ್ಚು ಶುದ್ಧ ನೀರನ್ನು ನಾನು ತಯಾರಿಸುವುದಿಲ್ಲ.

ಜೂನ್ ಎರಡನೇ ವಾರ ಮಳೆ ಹಿಡಿದ ಮೇಲೆ ಬಾವಿ ತುಂಬಿ ನೀರು ಮತ್ತೆ ಸಿಹಿಯಾಯಿತು. ಆಗ ಯಂತ್ರದ ಅಗತ್ಯವಿಲ್ಲ, ಆದರೆ ಅದನ್ನು ಕಳಚಿ ಅಟ್ಟಕ್ಕೇರಿಸಿದರೆ ಶಿರಸಿಯಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ. ಅದಕ್ಕಾಗಿ ಪ್ರತಿ ಭಾನುವಾರ ಬೆಳಿಗ್ಗೆ, ತೊಟ್ಟಿಯ ಗಾಜು ಒರೆಸುವ ಹೊತ್ತಿನಲ್ಲಿ, ಮೆಂಬ್ರೇನ್ ಒಣಗದಂತೆ ಅದನ್ನು ಹದಿನೈದು ನಿಮಿಷ ಓಡಿಸುತ್ತೇನೆ.