ಕೋಬೆಗೆ ಹೋಗಬೇಕಿದ್ದ ಐದು ಪುಟಗಳು

ಆಟಿ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಒಂಬತ್ತಕ್ಕೆ ಮಂಗಳೂರು ಬಂದರಿನ ನಮ್ಮ ಹಳೆ ಹಂಚಿನ ಆಫೀಸಿನ ಬಾಗಿಲು ತೆಗೆದೆ. ಹೊರಗೆ ಒಂದೇ ಸಮನೆ ಮಳೆ. ಒಳಗೆ ಫ್ಯಾಕ್ಸ್ ಮೆಷಿನಿನ ಕೆಂಪು ದೀಪ ಮಿನುಗುತ್ತಾ ಇತ್ತು. ಹಿಂದಿನ ಸಂಜೆ ಕಳಿಸಲು ಹಾಕಿ ಹೋಗಿದ್ದ ಐದು ಪುಟಗಳಲ್ಲಿ ಒಂದೂ ಹೋಗಿರಲಿಲ್ಲ. ಮೂರು ಸಲ ಡಯಲ್ ಆಗಿದೆ, ಮೂರು ಸಲವೂ ವರದಿ ಚೀಟಿಯಲ್ಲಿ ಅದೇ ಮಾತು: ಕಮ್ಯುನಿಕೇಶನ್ ಎರರ್.

ನಮ್ಮದು ಗೇರುಬೀಜ ರಫ್ತು ಮಾಡುವ ಆಫೀಸು. ನಾನು ಕಾಗದಪತ್ರ ನೋಡುವವಳು. ಆ ವಾರ ಪಣಂಬೂರು ಬಂದರಿನಿಂದ ಒಂದು ಇಪ್ಪತ್ತಡಿ ಕಂಟೇನರ್ ಜಪಾನಿಗೆ ಹೊರಡಬೇಕಿತ್ತು. ಡಬ್ಲ್ಯೂ 320 ಅನ್ನುವ ದರ್ಜೆಯ ಬೀಜ, 50 ಪೌಂಡಿನ 700 ಕಾರ್ಟನ್, ಒಟ್ಟು 15,876 ಕಿಲೋ. ಇನ್‌ವಾಯ್ಸ್, ಎರಡು ಪುಟದ ಪ್ಯಾಕಿಂಗ್ ಲಿಸ್ಟ್, ಸರಕು ಹಡಗಿಗೆ ಹಾಕಿದ್ದಕ್ಕೆ ಶಿಪ್ಪಿಂಗ್‌ನವರು ಕೊಡುವ ಬಿ.ಎಲ್. ಕಾಗದದ ಡ್ರಾಫ್ಟ್, ಬೀಜದಲ್ಲಿ ರೋಗ ಕೀಟ ಇಲ್ಲ ಅನ್ನುವ ಫೈಟೋ ಸರ್ಟಿಫಿಕೇಟಿನ ನಕಲು. ಈ ಐದು ಪುಟ ಕೋಬೆಯ ಪಾರ್ಟಿಗೆ, ಅಂದರೆ ಬೀಜ ಕೊಳ್ಳುವವರಿಗೆ, ತಲುಪಬೇಕು, ಅವರು ಒಂದೊಂದು ಅಂಕಿ ನೋಡಿ, ತಮ್ಮ ಮೊಹರು ಒತ್ತಿ ವಾಪಸ್ ಫ್ಯಾಕ್ಸ್ ಮಾಡಬೇಕು, ಆಮೇಲೆ ನಾವು ಸಂಜೆಯೊಳಗೆ ಶಿಪ್ಪಿಂಗ್ ಆಫೀಸಿಗೆ ಡ್ರಾಫ್ಟ್ ಸರಿ ಇದೆ ಅಂತ ತಿಳಿಸಬೇಕು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅವರ ಸಂಜೆ ಐದು ಅಂದರೆ ನಮ್ಮ ಮಧ್ಯಾಹ್ನ ಒಂದೂವರೆ. ಮರುದಿನ ಶನಿವಾರ, ಅಲ್ಲಿ ಯಾರೂ ಇರುವುದಿಲ್ಲ.

ಇಮೇಲ್ ಮಾಡಿದರೆ ಮುಗೀತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಮೇಲೂ ಮಾಡುತ್ತೇವೆ. ಆದರೆ ಆ ಪಾರ್ಟಿಯವರಿಗೆ ಕಾಗದ ಮೆಷಿನಿನಿಂದ ಹೊರಗೆ ಬರಬೇಕು, ಮೊಹರು ಬೀಳಬೇಕು, ಫೈಲಿಗೆ ಸೇರಬೇಕು. ಹಾಗೆ ನಡೆದುಕೊಂಡು ಬಂದಿದೆ. ಇಷ್ಟು ವರ್ಷದಲ್ಲಿ ಅವರ ಕಡೆಯಿಂದ ಒಂದು ರೂಪಾಯಿಯ ತಕರಾರು ಬಂದಿಲ್ಲ, ದುಡ್ಡು ಒಂದು ದಿನ ತಡವಾದದ್ದಿಲ್ಲ. ಅಂಥವರು ಫ್ಯಾಕ್ಸ್ ಬೇಕು ಅಂದರೆ ಫ್ಯಾಕ್ಸ್ ಕಳಿಸುವುದು ನನ್ನ ಕೆಲಸ. ಅದರಲ್ಲಿ ನನಗೆ ಬೇಜಾರಿಲ್ಲ.

ಹಳೆ ತಾಮ್ರದ ಲೈನ್ ಆ ವರ್ಷದ ಮೊದಲ ಮಳೆಗೇ ಸತ್ತು ಹೋಗಿತ್ತು. ರಸ್ತೆ ಅಗೆದ ಕಡೆ ಕೇಬಲ್ಲಿಗೆ ನೀರು ಹೊಕ್ಕಿ, ಫೋನ್ ಎತ್ತಿದರೆ ಬರೀ ಕರಕರ. ಹಾಗಾಗಿ ಧಣಿಗಳು ಇಂಟರ್ನೆಟ್ ಫೋನ್ ಹಾಕಿಸಿದರು. ಒಂದು ಚಿಕ್ಕ ಡಬ್ಬಿ. ಅದರ ಒಂದು ತುದಿಗೆ ಇಂಟರ್ನೆಟ್ ವಯರು, ಇನ್ನೊಂದು ತುದಿಗೆ ಮಾಮೂಲಿ ಫೋನಿನ ವಯರು. ಮಾತು ಎಷ್ಟು ಚಂದ ಕೇಳುತ್ತಿತ್ತು ಅಂದರೆ ಕೋಬೆಯವರು ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ. ಮಾರಲು ಬಂದ ಹುಡುಗ, ಫ್ಯಾಕ್ಸ್ ಕೂಡ ಇದಕ್ಕೇ ಸಿಕ್ಕಿಸಿ, ಏನೂ ತೊಂದರೆ ಇಲ್ಲ ಅಂದಿದ್ದ. ನಾವೂ ನಂಬಿದ್ದೆವು. ಮಾತು ಹೋಗುವ ದಾರಿಯಲ್ಲಿ ಫ್ಯಾಕ್ಸ್ ಯಾಕೆ ಹೋಗಬಾರದು?

ಕಂಪೆನಿಯ ಸಹಾಯದ ನಂಬರಿಗೆ ಮಾಡಿದೆ. ಡಬ್ಬಿ ಆಫ್ ಮಾಡಿ ಆನ್ ಮಾಡಿ ಅಂದರು. ಮಾಡಿದೆ. ಮತ್ತೆ ಕಳಿಸಿದೆ. ಅದೇ ಎರರ್. ಮತ್ತೆ ಫೋನ್ ಮಾಡಿದರೆ ಬೇರೊಬ್ಬರು ಎತ್ತಿಕೊಂಡು, ನಿಮ್ಮ ಮೆಷಿನ್ ಹಳೆಯದು ಅಂದರು. ನನಗೆ ಆಗ ನಿಜಕ್ಕೂ ಅಳು ಬಂತು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

ನಮ್ಮ ಆಫೀಸಿನ ಹಿಂದಿನ ಓಣಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ರಿಟೈರ್ ಆದ ಒಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಹೇಳಿ ಕಳಿಸಿದೆ. ಆ ಮಳೆಯಲ್ಲಿ ಕೊಡೆ ಹಿಡಿದು ಬಂದರು, ಕಾಲು ಒರೆಸಿಕೊಂಡರು, ಕುರ್ಚಿ ಎಳೆದು ಮೆಷಿನಿನ ಎದುರು ಕೂತರು. ಸ್ಕ್ರೂಡ್ರೈವರ್ ಕೇಳಲಿಲ್ಲ. "ಸ್ಪೀಕರ್ ಹಾಕಿ, ಒಮ್ಮೆ ಕಳಿಸಿ, ಎಂತ ಮಾತಾಡ್ತದೆ ಕೇಳುವ" ಅಂದರು.

ಅಷ್ಟು ವರ್ಷ ಆ ಸದ್ದು ನನಗೆ ಬರೀ ಕಿರಿಕಿರಿ. ಅದರೊಳಗೆ ಇಷ್ಟು ಮಾತು ಇದೆ ಅಂತ ಅವತ್ತೇ ಗೊತ್ತಾದದ್ದು. ಕರೆ ಮಾಡಿದ ಮೆಷಿನ್ ಮೂರು ಮೂರು ಸೆಕೆಂಡು ಬಿಟ್ಟು ಚಿಕ್ಕದಾಗಿ ಕೂಗುತ್ತದೆ, 1100 ಹರ್ಟ್ಸ್, ನಾನು ಫ್ಯಾಕ್ಸ್ ಅಂತ. ಆಚೆಯದು ಉದ್ದಕ್ಕೆ ಒಂದು ಶಿಳ್ಳೆ ಹಾಕುತ್ತದೆ, 2100 ಹರ್ಟ್ಸ್, ನಾನೂ ಫ್ಯಾಕ್ಸ್ ಅಂತ. ಆಮೇಲೆ ಸೆಕೆಂಡಿಗೆ 300 ಬಿಟ್ಟಿನ ನಿಧಾನದ ಮಾತಿನಲ್ಲಿ, ನಿನಗೆ ಯಾವ ವೇಗ ಗೊತ್ತು, ಕಾಗದ ಎಷ್ಟು ಅಗಲ ಅಂತ ಪರಿಚಯ. ಕೊನೆಗೆ ಒಂದು ಭುಸ್ ಅನ್ನುವ ಸದ್ದು. ಅದು ವೇಗದ ಪರೀಕ್ಷೆ. ಅದು ದಾಟಿದರೆ ಪುಟ ಹೊರಡುತ್ತದೆ.

ಅವರು ಕಣ್ಣು ಮುಚ್ಚಿ ಕೇಳಿದರು. "ಶಿಳ್ಳೆ ಸರಿ ಇಲ್ಲ ಮಾರಾಯ್ರೆ. ನೀರಿನ ಒಳಗಿಂದ ಬಂದ ಹಾಗೆ ಉಂಟು. ಭುಸ್ ಅಂತ ನಾಲ್ಕು ಸಲ ಕೇಳಿತಲ್ಲ, ಪರೀಕ್ಷೆಯಲ್ಲಿ ಫೇಲ್ ಆಗಿ ಮತ್ತೆ ಮತ್ತೆ ಬರೀತಾ ಉಂಟು. ನಿಮ್ಮ ಡಬ್ಬಿ ದನಿಯನ್ನು ಹಿಂಡಿ ಕಳಿಸ್ತಾ ಉಂಟು."

ಹಿಂಡುವುದು ಅಂದರೆ ಇದು. ಹಳೆ ಡಿಜಿಟಲ್ ಎಕ್ಸ್‌ಚೇಂಜುಗಳಲ್ಲಿ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು 64 ಕಿಲೋಬಿಟ್ ಮಾಡಿ ಕಳಿಸುತ್ತಾರೆ. ಅದಕ್ಕೆ ಜಿ.711 ಅಂತ ಹೆಸರು. ಇಂಟರ್ನೆಟ್ ಫೋನಿನಲ್ಲಿ ಜಾಗ ಉಳಿಸಲಿಕ್ಕೆ ಜಿ.729 ಅಂತ ಇನ್ನೊಂದು ಕ್ರಮ ಇಡುತ್ತಾರೆ. ಅದು ಬರೀ 8 ಕಿಲೋಬಿಟ್, ಅಂದರೆ ಎಂಟರಲ್ಲಿ ಒಂದು ಪಾಲು. ಮನುಷ್ಯನ ಗಂಟಲು, ನಾಲಿಗೆ, ತುಟಿಯಿಂದ ದನಿ ಹೇಗೆ ಹೊರಡುತ್ತದೆ ಅನ್ನುವುದರ ಮೇಲೆ ಅದರ ಲೆಕ್ಕ ಎಲ್ಲ ನಿಂತಿದೆ. ಹಾಗಾಗಿ ಮಾತನ್ನು ಅದು ಬಹಳ ಚಂದ ಕಟ್ಟಿಕೊಡುತ್ತದೆ. ಫ್ಯಾಕ್ಸಿಗೆ ಗಂಟಲಿಲ್ಲ. ಅದರ ಸದ್ದನ್ನೂ ಯಾರದೋ ಮಾತು ಅಂದುಕೊಂಡು ಕಟ್ಟಲು ಹೋದರೆ ಆಚೆ ತುದಿಗೆ ತಲುಪುವುದು ಬೇರೆಯೇ ಸದ್ದು.

ಡಬ್ಬಿಯ ಪಾಸ್‌ವರ್ಡ್ ನಮ್ಮ ಹತ್ತಿರ ಇತ್ತು, ಪುಣ್ಯ. ಬ್ರೌಸರಿನಲ್ಲಿ ಅದರ ಸೆಟ್ಟಿಂಗ್ ತೆಗೆದು ಜಿ.711 ಅನ್ನು ಮೊದಲ ಸಾಲಿಗೆ ತಂದೆವು. ಸದ್ದಿಲ್ಲದಾಗ ಏನನ್ನೂ ಕಳಿಸದೆ ಉಳಿಸುವ ಸೈಲೆನ್ಸ್ ಸಪ್ರೆಶನ್ ಅಂತ ಒಂದಿತ್ತು, ಅದನ್ನು ಆಫ್ ಮಾಡಿದೆವು. ಹನ್ನೊಂದೂವರೆಗೆ ಮತ್ತೆ ಕಳಿಸಿದೆ. ಈ ಸಲ ಶಿಳ್ಳೆ ಸ್ವಚ್ಛ. ನನಗೇ ಗೊತ್ತಾಯಿತು. ಒಂದನೇ ಪುಟ ಓಕೆ. ಎರಡು ಓಕೆ. ಮೂರನೆಯದು ಅರ್ಧಕ್ಕೆ ಹೋಗಿ ನಿಂತಿತು.

ಮತ್ತೆ ಹಾಕಿದೆ. ಮತ್ತೆ ಮೂರರಲ್ಲೇ ನಿಂತಿತು.

ಇಲ್ಲಿ ನನಗೆ ಆ ಹಿರಿಯರು ಹೇಳಿದ್ದು ಇವತ್ತಿಗೂ ಮನಸ್ಸಿನಲ್ಲಿದೆ. ಇಂಟರ್ನೆಟ್ಟಿನಲ್ಲಿ ದನಿ ಒಂದು ಧಾರೆಯಾಗಿ ಹೋಗುವುದಿಲ್ಲ, ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಹೋಗುತ್ತದೆ, ಸೆಕೆಂಡಿಗೆ 50 ತುಂಡು. ಒಂದು ಬೇಗ ಬರುತ್ತದೆ, ಒಂದು ತಡವಾಗಿ, ಒಂದು ಬರುವುದೇ ಇಲ್ಲ. ಬಾರದ ತುಂಡಿನ ಜಾಗಕ್ಕೆ ಆಚೆಯ ಡಬ್ಬಿ ಹಿಂದಿನ ಸದ್ದನ್ನು ನೋಡಿ ಊಹಿಸಿ ಏನಾದರೂ ತುಂಬುತ್ತದೆ. ಮಾತಾದರೆ ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ. "ನಾಳೆ ಬರ್ತೇನೆ" ಅನ್ನುವಾಗ ಒಂದು ಅಕ್ಷರ ನುಂಗಿ ಹೋದರೂ ನಾವು ಸೇರಿಸಿಕೊಳ್ಳುತ್ತೇವೆ. ಆದರೆ ಫ್ಯಾಕ್ಸ್ ಸೆಕೆಂಡಿಗೆ 14,400 ಬಿಟ್ಟಿನ ವೇಗದಲ್ಲಿ ಓಡುವಾಗ ಆ ಒಂದು ತುಂಡಿನಲ್ಲಿ 288 ಬಿಟ್ ಇರುತ್ತದೆ. ಪುಟದ ಒಂದು ಗೆರೆಗೆ 1728 ಚುಕ್ಕಿ. ಬರವಣಿಗೆಯ ಸಾಲಿನಲ್ಲಿ ಆ ಗೆರೆಯನ್ನು ಮಡಚಿ, ಅಂದರೆ ಕಡಿಮೆ ಬಿಟ್ಟಿಗೆ ಕುಗ್ಗಿಸಿ, ಕಳಿಸುವಾಗ, ಒಂದು ತುಂಡು ಹೋದರೆ ಒಂದೆರಡು ಗೆರೆಯೇ ಹೋಯಿತು ಅಂತ ಲೆಕ್ಕ. 15,876ರಲ್ಲಿ 8ರ ಹೊಟ್ಟೆ ಹರಿದು 3ರ ಹಾಗೆ ಕಂಡರೆ? ಅಲ್ಲಿ ಊಹಿಸಿ ತುಂಬಿದರೆ ನಡೆಯುತ್ತದಾ?

ಮೂರನೇ ಪುಟದಲ್ಲೇ ಯಾಕೆ ಅಂತ ಕೇಳಿದೆ. ಡಬ್ಬಿಯ ಗಡಿಯಾರವೂ ಆಚೆ ತುದಿಯ ಗಡಿಯಾರವೂ ಕೂದಲಿನಷ್ಟು ಹೆಚ್ಚುಕಮ್ಮಿ ಓಡುತ್ತವೆ, ಮೊದಲಿಗೆ ತಿಳಿಯುವುದಿಲ್ಲ, ಎರಡು ಮೂರು ನಿಮಿಷ ಆದ ಮೇಲೆ ತುಂಡುಗಳನ್ನು ಕೂಡಿಡುವ ಜಾಗ ತುಂಬುತ್ತದೆ ಅಥವಾ ಖಾಲಿ ಆಗುತ್ತದೆ, ಆಗ ಒಂದು ಚೂರು ಬಿಡಬೇಕು ಇಲ್ಲ ಸೇರಿಸಬೇಕು ಅಂದರು. ಫ್ಯಾಕ್ಸಿಗೆ ಅಲ್ಲಿಗೆ ತಾಳ ತಪ್ಪುತ್ತದೆ.

ಆಮೇಲೆ ಓದಿದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಫ್ಯಾಕ್ಸಿನ ಮೊದಲ ಪೇಟೆಂಟ್ 1843ರದ್ದು. ಫೋನಿಗೆ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಅಂದರೆ ಫ್ಯಾಕ್ಸೇ ಹಿರಿಯದು. ಅದನ್ನು ಯೋಚಿಸಿದ ಅಲೆಕ್ಸಾಂಡರ್ ಬೇನ್ ಸ್ಕಾಟ್ಲೆಂಡಿನ ಒಬ್ಬ ಗಡಿಯಾರ ಕೆಲಸದವನು. ಎರಡು ಊರಿನಲ್ಲಿ ಎರಡು ಲೋಲಕ ಒಂದೇ ತಾಳದಲ್ಲಿ ತೂಗಬೇಕು, ಆಗ ಇಲ್ಲಿಯ ಗೆರೆ ಅಲ್ಲಿ ಮೂಡುತ್ತದೆ, ಅದು ಅವನ ಯೋಚನೆ. ಬಂದರಿನ ನಮ್ಮ ಮೇಜಿನ ಮೇಲೆ ಅವತ್ತು ತಪ್ಪಿದ್ದೂ ಅದೇ ತಾಳ.

ಮೆಷಿನಿನಲ್ಲಿ ಇ.ಸಿ.ಎಂ. ಅಂತ ಒಂದು ಸೌಕರ್ಯ ಉಂಟು. ಪುಟವನ್ನು ಚಿಕ್ಕ ಚಿಕ್ಕ ಭಾಗ ಮಾಡಿ ಕಳಿಸಿ, ಕೆಟ್ಟು ಹೋದ ಭಾಗವನ್ನು ಮಾತ್ರ ಮತ್ತೆ ಕೇಳಿ ಪಡೆಯುವುದು. ಲೈನ್ ಹೀಗಿದ್ದಾಗ ಅದು ಕೇಳಿ ಕೇಳಿ ಸೋತು ಕರೆಯನ್ನೇ ಕಡಿಯುತ್ತದೆ. ಅದನ್ನು ಆಫ್ ಮಾಡಿದರೆ ಐದೂ ಪುಟ ಹೇಗೋ ಹೋಗಬಹುದು ಅಂತ ಧಣಿಗಳ ಮಗ ಹೇಳಿದರು. ನಾನು ಒಪ್ಪಲಿಲ್ಲ. ಗೆರೆ ಹರಿದ ತೂಕದ ಪಟ್ಟಿ ಹೋಗುವುದಕ್ಕಿಂತ ಹೋಗದೇ ಇರುವುದೇ ವಾಸಿ. ಹಿರಿಯರೂ ತಲೆ ಆಡಿಸಿದರು.

ಬದಲಿಗೆ ವೇಗ ಇಳಿಸಿದೆವು. ಮೆಷಿನಿನಲ್ಲಿ ಸೂಪರ್ ಜಿ3 ಅನ್ನುವ 33,600ರ ಅತಿ ವೇಗದ ಕ್ರಮ ಆಫ್, ಗರಿಷ್ಠ 9,600. ಅಷ್ಟು ಸಾಲದು ಅಂತ ಮೂರನೇ ಸಲ ಕಂಪೆನಿಗೆ ಫೋನ್ ಮಾಡಿದೆ. ಈ ಸಲ ಅವರು ಕೇಳುವ ಮೊದಲೇ ಹೇಳಿದೆ: ನಮ್ಮ ಅಕೌಂಟಿನಲ್ಲಿ ಟಿ.38 ಆನ್ ಇದೆಯಾ ನೋಡಿ, ಗೊತ್ತಿಲ್ಲದಿದ್ದರೆ ಗೊತ್ತಿರುವವರಿಗೆ ಕೊಡಿ. ಹಿರಿಯರು ಹೇಳಿದ್ದನ್ನು ಪೆನ್ನಿನಲ್ಲಿ ಬರೆದುಕೊಂಡು ಓದಿದೆ. ಹನ್ನೆರಡು ನಿಮಿಷ ಕಾದ ಮೇಲೆ ಒಬ್ಬ ಹುಡುಗಿ ಲೈನಿಗೆ ಬಂದಳು. ಶಾಂತವಾಗಿ ಕೇಳಿದಳು. "ಆನ್ ಇಲ್ಲ ಮೇಡಂ. ಫ್ಯಾಕ್ಸ್ ಬಳಸ್ತೀರಿ ಅಂತ ಇಲ್ಲಿ ಯಾರೂ ಬರೆದಿಲ್ಲ. ಈಗ ಹಾಕಿದ್ದೇನೆ, ನಿಮ್ಮ ಡಬ್ಬಿಯಲ್ಲೂ ಹಾಕಿ." ಆ ಹುಡುಗಿಗೆ ನಾನು ಎಷ್ಟು ಸಲ ಥ್ಯಾಂಕ್ಸ್ ಹೇಳಿದೆನೋ.

ಟಿ.38 ಅನ್ನುವುದು ಇಂಟರ್ನೆಟ್ಟಿನಲ್ಲಿ ಫ್ಯಾಕ್ಸ್ ಕಳಿಸಲಿಕ್ಕೆ ಅಂತಲೇ 1998ರಿಂದ ಇರುವ ಕ್ರಮ. ಮತ್ತೆ ಸೆಟ್ಟಿಂಗ್‌ನಲ್ಲಿ ಒಂದು ಗುಂಡಿ ಒತ್ತುವಷ್ಟೇ ಕೆಲಸ. ಅದರಲ್ಲಿ ಫ್ಯಾಕ್ಸಿನ ಸದ್ದನ್ನು ಸದ್ದಾಗಿ ಕಳಿಸುವುದೇ ಇಲ್ಲ. ಡಬ್ಬಿ ತಾನೇ ಇನ್ನೊಂದು ಫ್ಯಾಕ್ಸ್ ಮೆಷಿನಿನ ಹಾಗೆ ನಮ್ಮ ಮೆಷಿನಿನ ಮಾತು ಕೇಳಿ, ಒಳಗಿನ ಬಿಟ್ಟುಗಳನ್ನು ಬಿಡಿಸಿ, ಅದನ್ನೇ ಕಟ್ಟು ಕಟ್ಟಿ ಕಳಿಸುತ್ತದೆ. ಪ್ರತಿ ಕಟ್ಟಿನ ಜೊತೆ ಹಿಂದಿನ ಕಟ್ಟಿನ ನಕಲನ್ನೂ ಇಡಬಹುದು, ಹಾಗಾಗಿ ಒಂದು ಕಳೆದರೂ ಮುಂದಿನದರಲ್ಲಿ ಸಿಗುತ್ತದೆ. ಇಂಟರ್ನೆಟ್ ಮುಗಿದು ಮಾಮೂಲಿ ಫೋನ್ ಲೈನ್ ಶುರುವಾಗುವ ಕಡೆ ಮತ್ತೆ ಸದ್ದು ಮಾಡಿ ಕೊಡುತ್ತದೆ. ಊಹೆ ಇಲ್ಲ, ತುಂಬುವುದಿಲ್ಲ. ಮಾರಲು ಬರುವವರು ಒಂದೇ ಪ್ರಶ್ನೆ ಕೇಳಿದ್ದರೆ, ಫ್ಯಾಕ್ಸ್ ಇದೆಯಾ ಅಂತ, ಸಾಕಿತ್ತಲ್ವಾ? ಆ ಒಂದು ಪ್ರಶ್ನೆ ಕೇಳದ್ದಕ್ಕೆ ನನಗೆ ಈಗಲೂ ಸಿಟ್ಟು ಇದೆ.

ಹನ್ನೆರಡು ಐವತ್ತಕ್ಕೆ ಕಾಗದ ಜೋಡಿಸಿ ಗುಂಡಿ ಒತ್ತಿದೆ. ಸಣ್ಣ ಕೂಗು, ಉದ್ದ ಶಿಳ್ಳೆ, ಪರಿಚಯ, ಭುಸ್ ಅಂತ ಒಂದೇ ಸಲ. ಒಂದು, ಎರಡು. ಮೂರನೇ ಪುಟ ಒಳಗೆ ಹೋಗುವಾಗ ನಾವು ಯಾರೂ ಮಾತಾಡಲಿಲ್ಲ. ಆಗಲೇ ಒಮ್ಮೆ ಟ್ಯೂಬ್‌ಲೈಟ್ ಮಿಣಕ್ ಅಂತು, ನನ್ನ ಎದೆ ಧಸಕ್ ಅಂತು. ಹಳೆ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಕರೆಂಟ್ ಹೋದರೂ ಫೋನ್ ಉಸಿರಾಡುತ್ತಿತ್ತು. ಈ ಡಬ್ಬಿ ಹಾಗಲ್ಲ. ಕರೆಂಟ್ ಉಳಿಯಿತು. ನಾಲ್ಕು. ಐದು. ಒಟ್ಟು ಏಳು ನಿಮಿಷ. ಚೀಟಿ ಹೊರಗೆ ಬಂತು: ಐದು ಪುಟ, ಓಕೆ.

ಹಿರಿಯರಿಗೆ ಚಹಾ, ಗೋಳಿಬಜೆ ತರಿಸಿದೆ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಳೆ ಸ್ವಲ್ಪ ಬಿಡಲಿ ಅಂತ ಕೂತರು. ಒಂದೂ ಇಪ್ಪತ್ತಕ್ಕೆ ಮೆಷಿನ್ ರಿಂಗಾಯಿತು. ಅವರೇ ಕೈ ಎತ್ತಿ ಸುಮ್ಮನಿರಿ ಅಂತ ಸನ್ನೆ ಮಾಡಿದರು. ಕೋಬೆಯಿಂದ ಐದೂ ಪುಟ ವಾಪಸ್ ಬಂದವು, ಪ್ರತಿಯೊಂದರ ಕೆಳಗೆ ದುಂಡಗಿನ ಮೊಹರು. ಪ್ಯಾಕಿಂಗ್ ಲಿಸ್ಟಿನ ಎರಡನೇ ಪುಟದಲ್ಲಿ ಒಂದು ಕಾರ್ಟನ್ ಗುರುತಿನ ಸಂಖ್ಯೆಗೆ ಸುತ್ತ ಗೆರೆ ಎಳೆದು ಸರಿಯಾದದ್ದನ್ನು ಪಕ್ಕದಲ್ಲಿ ಬರೆದಿದ್ದರು. ತಪ್ಪು ನಮ್ಮದೇ. ನಾನು ಫೈಲ್ ತೆಗೆದು ತಿದ್ದಲು ಕೂತೆ.