ಕಲ್ಲಿನ ಮಯೂರ, ತೆರೆಯ ಮಯೂರ

ಇತಿಹಾಸ ವಿಭಾಗದ ನಮ್ಮ ಪ್ರಾಧ್ಯಾಪಕರು ಯಾರೆಂಬುದನ್ನು ಈ ಸಂಚಿಕೆಯ ಓದುಗರಿಗೆ ಹೆಸರು ಹಿಡಿದು ಹೇಳಬೇಕಾಗಿಲ್ಲ. ಸಿನಿಮಾ, ನಾಟಕ, ಲಾವಣಿಗಳೆಂದರೆ ವಿದ್ವಾಂಸರು ಮೂಗು ಮುರಿಯುವುದನ್ನೂ, ಶಾಸನ, ಅಡಿಟಿಪ್ಪಣಿಗಳೆಂದರೆ ಸಾಮಾನ್ಯ ಓದುಗರು ದೂರ ಸರಿಯುವುದನ್ನೂ ಅವರು ಒಂದೇ ನಷ್ಟದ ಎರಡು ಮುಖಗಳೆಂದು ತಿಳಿದಿದ್ದರು. ಕೈಗೆ ಬಂದದ್ದು ಯಾವುದೇ ಆಗಲಿ, ಇದನ್ನು ಯಾರು, ಯಾವಾಗ, ಯಾರಿಗಾಗಿ ಹೇಳಿದರು ಎಂದು ಮೊದಲು ಕೇಳುವುದು ಅವರ ಪಾಠದ ಕ್ರಮವಾಗಿತ್ತು.

ಕದಂಬರ ಪಾಠ ಬಂದಾಗ ಮಯೂರನ ವಿಷಯದಲ್ಲಿ ನಮಗೆ ತಿಳಿದಿದ್ದನ್ನು ಹೇಳುವಂತೆ ಕೇಳಿದರು. ನಮಗೆ ತಿಳಿದಿದ್ದು ದೇವುಡು ಅವರ ಕಾದಂಬರಿಯನ್ನು ಆಧರಿಸಿ 1975ರಲ್ಲಿ ತೆರೆಕಂಡ, ರಾಜ್‌ಕುಮಾರ್ ನಟಿಸಿದ ‘ಮಯೂರ’ ಚಿತ್ರದ ಕಥೆ ಮಾತ್ರ. ಬ್ರಾಹ್ಮಣ ಯುವಕನಾಗಿ ಬೆಳೆದವನು ತಾನು ಕದಂಬ ರಾಜಕುಮಾರನೆಂದು ಅರಿತು ಪಲ್ಲವರ ಮೇಲೆ ತಿರುಗಿಬೀಳುವ ಆ ಕಥೆಯನ್ನು ಅವರು ಎಲ್ಲಿಯೂ ತಡೆಯದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಾಳಗುಂದದ ಸ್ತಂಭಶಾಸನವನ್ನು ಕೈಗೆತ್ತಿಕೊಂಡು, ಒಂದೊಂದೇ ಸಂಸ್ಕೃತ ಪದ್ಯವನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಅಲ್ಲಿ ಮಯೂರಶರ್ಮ ರಾಜಕುಮಾರನಲ್ಲ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಎಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ, ವೇದಾಧ್ಯಯನಕ್ಕೆಂದು ಹೋದ ವಿದ್ಯಾರ್ಥಿ. ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ, ದರ್ಭೆ, ಸಮಿತ್ತು, ಹೋಮದ ಸೌಟಾದ ಸ್ರುಕ್ಕುಗಳನ್ನು ಹಿಡಿದು ಪಳಗಿದ ಕೈಯಲ್ಲೇ ಅವನು ಹೊಳೆಯುವ ಶಸ್ತ್ರವನ್ನು ಎತ್ತಿಕೊಂಡನೆಂದು ಕವಿ ಹೇಳುತ್ತಾನೆ. ಆ ಪದ್ಯವನ್ನು ಅವರು ಎರಡು ಸಲ ಓದಿದರು.

ಬೇರೊಬ್ಬ ಅಧ್ಯಾಪಕರಾಗಿದ್ದರೆ, ಸಿನಿಮಾ ಸುಳ್ಳು, ಶಾಸನ ನಿಜ ಎಂದು ಪಾಠ ಮುಗಿಸುತ್ತಿದ್ದರೇನೋ. ನಮ್ಮವರ ನಿಜವಾದ ಪಾಠ ಆರಂಭವಾದದ್ದೇ ಅಲ್ಲಿಂದ. ಸಾಮಾನ್ಯ ವಿದ್ಯಾರ್ಥಿಯೊಬ್ಬ ಅವಮಾನಕ್ಕೆ ಸಿಟ್ಟಾಗಿ ರಾಜ್ಯ ಕಟ್ಟಿದನೆಂಬ ಸಂಗತಿಯೇ ಇಷ್ಟು ದೊಡ್ಡದಾಗಿರುವಾಗ, ಅವನ ಮೈಯಲ್ಲಿ ರಾಜರಕ್ತವಿರಲೇಬೇಕೆಂದು ಕಥೆಗೆ ಏಕೆ ಅನ್ನಿಸಿತು ಎಂದು ಅವರು ಕೇಳಿದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಾದ ಎರಡು ವರ್ಷಕ್ಕೆ ಬಂದ ಚಿತ್ರದಲ್ಲಿ ಜನ ತಮ್ಮ ನಾಡಿನ ಮೊದಲ ಅರಸನನ್ನು ಯಾವ ಕಣ್ಣಿನಿಂದ ನೋಡಿರಬಹುದೆಂದು ಯೋಚಿಸಲು ಹೇಳಿದರು. ನಾಲ್ಕನೆಯ ಶತಮಾನಕ್ಕೆ ಆ ಚಿತ್ರ ಸಾಕ್ಷಿಯಾಗಲಾರದು. ತನ್ನ ಕಾಲಕ್ಕೆ ಅದು ಒಳ್ಳೆಯ ಸಾಕ್ಷಿ ಎಂಬುದು ಅವರ ಅಭಿಪ್ರಾಯವಾಗಿತ್ತು. ಅಷ್ಟಕ್ಕೇ ನಿಲ್ಲದೆ ಅದೇ ಪ್ರಶ್ನೆಯನ್ನು ಕಲ್ಲಿನ ಕಡೆಗೂ ತಿರುಗಿಸಿದರು. ಈ ಶಾಸನ ಹುಟ್ಟಿದ್ದು ಮಯೂರಶರ್ಮನ ಕಾಲದಲ್ಲಲ್ಲ, ನಾಲ್ಕು ತಲೆಮಾರುಗಳ ನಂತರದ ಶಾಂತಿವರ್ಮನ ಕಾಲದಲ್ಲಿ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆನ್ನುವ ಕವಿ ಕುಬ್ಜ, ಅರಸನ ವಂಶವನ್ನು ಕೊಂಡಾಡಲೆಂದೇ ಬರೆದವನು. ಹಾಗಿರುವಾಗ ಕಂಚಿಯ ಆ ಜಗಳವೂ ಕದಂಬರು ತಮ್ಮ ಹುಟ್ಟಿನ ಬಗ್ಗೆ ಹೇಳಿಕೊಳ್ಳಬಯಸಿದ ಕಥೆಯೇ ಇರಬಹುದಲ್ಲವೇ? ತರಗತಿಯಲ್ಲಿ ಉತ್ತರ ಹೊರಡಲಿಲ್ಲ. ಅವರೂ ಉತ್ತರಕ್ಕೆ ಅವಸರ ಮಾಡಲಿಲ್ಲ.

ಶಾಸನದ ಮೇಲೆ ಅವರಿಗಿದ್ದ ಪ್ರೀತಿ ಎಂಥದೆಂಬುದು ತಿಳಿದದ್ದು ಅಚ್ಚು ತೆಗೆಯುವುದನ್ನು ಕಲಿಸಿದ ದಿನ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಸುಕ್ಕಿಲ್ಲದಂತೆ ಹಾಸಿ, ಅಕ್ಷರದ ಗುಂಡಿಗಳಿಗೆ ಕಾಗದ ಇಳಿಯುವವರೆಗೆ ಬ್ರಷ್ಷಿನಿಂದ ಬಡಿದು, ಅರೆ ಒಣಗಿದಾಗ ಮಸಿಯನ್ನು ಹಗುರವಾಗಿ ತಟ್ಟಬೇಕು. ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಮೂಡುತ್ತಿದ್ದಂತೆ ಅವರ ಮಾತು ನಿಂತುಹೋಗುತ್ತಿತ್ತು. ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಿಗಾಗಿ ಸಾವಿರಾರು ಶಾಸನಗಳನ್ನು ಕಲೆಹಾಕಿಸಿದ್ದರ ಹಿಂದಿನ ದುಡಿಮೆ ಎಷ್ಟೆಂಬುದು ನನ್ನ ತಲೆಗೆ ಹೊಕ್ಕದ್ದು ಆಗಲೇ.

ಲಾವಣಿಗಳ ವಿಚಾರದಲ್ಲಿ ಅವರ ನಿಲುವು ಇನ್ನೂ ಗಟ್ಟಿಯಾಗಿತ್ತು. 1857ರಲ್ಲಿ ಹತಾರಗಳನ್ನು ಒಪ್ಪಿಸಬೇಕೆಂಬ ಸರ್ಕಾರದ ಆಜ್ಞೆಯನ್ನು ಧಿಕ್ಕರಿಸಿದ ಹಲಗಲಿ ಬೇಡರ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವನು ಅದೇ ಸರ್ಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಎಂಬುದನ್ನು ಅವರು ಒತ್ತಿ ಹೇಳುತ್ತಿದ್ದರು. ದಂಡು ನುಗ್ಗಿದ ಮೇಲೆ ಊರಿನಿಂದ ಏನೇನು ಹೋಯಿತೆಂದು ಆ ಲಾವಣಿ ಲೆಕ್ಕ ಕೊಡುತ್ತದೆ: ಕೊಡಲಿ, ಉಪ್ಪು, ಎಣ್ಣೆ, ಅರಿಸಿನ, ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲು. ಬಂಡಾಯವನ್ನು ಅಡಗಿಸಿದವರು ಬೀಸುವ ಕಲ್ಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಕಳೆದುಕೊಂಡವರು ಮಾತ್ರ ಹಿಡಿಯುತ್ತಾರೆ ಎನ್ನುವಾಗ ಅವರ ದನಿ ಭಾರವಾಗುತ್ತಿತ್ತು.

ಇಷ್ಟೆಲ್ಲ ತಿಳಿದವರು ದೊಡ್ಡ ಗ್ರಂಥವನ್ನೇಕೆ ಬರೆಯಲಿಲ್ಲವೆಂದು ಕೆಲವರು ಆಕ್ಷೇಪಿಸುವುದುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಮ್ಮ ಉತ್ತರಪತ್ರಿಕೆಗಳ ಅಂಚಿನಲ್ಲಿ ಅವರು ಪೆನ್ಸಿಲಿನಿಂದ ಬರೆಯುತ್ತಿದ್ದ ಪ್ರಶ್ನೆಗಳು ಒಂದು ಗ್ರಂಥಕ್ಕಾಗುವಷ್ಟಿದ್ದವು. ಅವುಗಳಲ್ಲಿ ಕೆಲವನ್ನು ಬೆನ್ನುಹತ್ತಿಯೇ ನಮ್ಮಲ್ಲಿ ಹಲವರು ಸಂಶೋಧನೆಗೆ ಇಳಿದೆವು. ಕುಬ್ಜನ ಕುರಿತು ಅವರು ಎತ್ತಿದ ಪ್ರಶ್ನೆಯನ್ನು ನಾನು ಈಗ ನನ್ನ ವಿದ್ಯಾರ್ಥಿಗಳ ಮುಂದೆ ಇಡುತ್ತೇನೆ, ಚಿತ್ರದ ಕಥೆಯನ್ನು ಮೊದಲು ಅವರಿಂದಲೇ ಪೂರ್ತಿ ಹೇಳಿಸಿದ ನಂತರ.